ಸೋತೆ ಅನ್ನು

ಬೆಳಗ್ಗೆ ಐದೂವರೆಗೆ ಎದ್ದು, ಹಾಲು ಒಲೆಗಿಟ್ಟು, ಅದು ಕಾಯುವುದರೊಳಗೆ ಇಂಗ್ಲಿಷಿನ ಒಂದು ಐದಕ್ಷರದ ಪದ ಹುಡುಕುವ ಚಟ ನನಗೆ ಹತ್ತಿಕೊಂಡಿದೆ ಎಂದರೆ ನೀವು ನಗಬಹುದು. ನಗಿ, ಬೇಸರವಿಲ್ಲ. ನಮ್ಮ ಮನೆಯವರೂ ನಗುತ್ತಾರೆ. ಈ ಪದದ ದೆಸೆಯಿಂದ ಹಾಲು ಉಕ್ಕಿ ಒಲೆ ರಾಡಿಯಾದ ದಿನಗಳಿಗೆ ಲೆಕ್ಕವಿಲ್ಲ. ನಿವೃತ್ತಿಗೆ ನಾಲ್ಕು ವರ್ಷ ಉಳಿದಿರುವ ಹೆಂಗಸು, ಶಾಲೆಯಲ್ಲಿ ಮಕ್ಕಳ ಕೈಯಿಂದ ಫೋನು ಕಿತ್ತಿಟ್ಟುಕೊಳ್ಳುವ ಟೀಚರು, ಅಡಿಗೆಮನೆಯ ಕಟ್ಟೆಗೊರಗಿ ಅದೇ ಫೋನನ್ನು ಕಣ್ಣಿಗೆ ಹತ್ತಿರ ಹಿಡಿದು ‘ಟಿ ಇದೆ, ಆದರೆ ಮೊದಲಲ್ಲಿಲ್ಲ’ ಎಂದು ಗೊಣಗುವುದನ್ನು ಕಂಡರೆ ಯಾರಿಗಾದರೂ ನಗು ಬರುವಂಥದೇ.

ಗೊತ್ತಿಲ್ಲದವರಿಗಾಗಿ ಆಟದ ಬಗ್ಗೆ ಎರಡು ಮಾತು. ಹೆಸರು ವರ್ಡಲ್. ದಿನಕ್ಕೊಂದೇ ಗುಪ್ತಪದ, ಲೋಕಕ್ಕೆಲ್ಲ ಒಂದೇ. ಐದು ಚೌಕ, ಆರು ಅವಕಾಶ. ನೀವು ಒಂದು ಐದಕ್ಷರದ ಪದ ಹಾಕುತ್ತೀರಿ. ಅಕ್ಷರವೂ ಸರಿ, ಜಾಗವೂ ಸರಿ ಎಂದಾದರೆ ಚೌಕ ಹಸಿರು. ಅಕ್ಷರ ಇದೆ, ಜಾಗ ಬೇರೆ ಎಂದಾದರೆ ಹಳದಿ. ಇಲ್ಲವೇ ಇಲ್ಲ ಎಂದರೆ ಬೂದಿ ಬಣ್ಣ. ಹೀಗೆ ತಡಕಾಡುತ್ತಾ ಆರರೊಳಗೆ ಪದ ಮುಟ್ಟಬೇಕು. ಇದನ್ನು ಮಾಡಿದವರು ಜಾಶ್ ವಾರ್ಡಲ್ ಎಂಬ ಎಂಜಿನಿಯರು. ತಮ್ಮ ಜೊತೆಗಾತಿ ಪಲಕ್ ಶಾ ಅವರಿಗೆ ಪದದ ಆಟಗಳೆಂದರೆ ಇಷ್ಟ ಎಂದು, ಅವರೊಬ್ಬರಿಗಾಗಿ ಮಾಡಿದ್ದು. ಇಂಗ್ಲಿಷಿನ ಐದಕ್ಷರದ ಪದಗಳು ಸುಮಾರು 12,000 ಇದ್ದುವಂತೆ. ಪಲಕ್ ಕೂತು ಒಂದೊಂದನ್ನೇ ನೋಡಿ, ಇದು ಗೊತ್ತು, ಇದು ಗೊತ್ತಿಲ್ಲ ಎಂದು ಅಕ್ಕಿ ಆರಿಸಿದ ಹಾಗೆ ಆರಿಸಿದರಂತೆ. ಉಳಿದದ್ದು ಸುಮಾರು 2,500. 2021ರ ಅಕ್ಟೋಬರಿನಲ್ಲಿ ಎಲ್ಲರಿಗೂ ಬಿಟ್ಟರು, 2022ರ ಜನವರಿಯಲ್ಲಿ ನ್ಯೂಯಾರ್ಕ್ ಟೈಮ್ಸ್ ಪತ್ರಿಕೆ ಕೊಂಡುಕೊಂಡಿತು. ನನಗೆ ಹಿಡಿಸಿದ್ದು ಆ ಅಕ್ಕಿ ಆರಿಸಿದ ಸಂಗತಿ. ಒಬ್ಬ ಹೆಂಗಸಿಗೆ ಎಷ್ಟು ಮಾತು ಗೊತ್ತೋ ಅಷ್ಟರಲ್ಲೇ ಲೋಕವೆಲ್ಲ ಆಡಲಿ ಎಂದು ತೀರ್ಮಾನವಾದ ಆಟ ಬೇರೆ ಯಾವುದಿದೆ, ನೀವೇ ಹೇಳಿ.

ನನಗೆ ಇದನ್ನು ಕಲಿಸಿದವಳು ಮಗಳು. ಪುಣೆಯಲ್ಲಿ ಕೆಲಸ. ಎರಡು ವರ್ಷದ ಹಿಂದೆ ದೀಪಾವಳಿಗೆ ಬಂದಾಗ, ಎಣ್ಣೆನೀರಾದ ಮೇಲೆ ತಲೆಗೆ ಟವೆಲು ಸುತ್ತಿಕೊಂಡು ಪಕ್ಕ ಕೂತು ಹೇಳಿಕೊಟ್ಟಳು. ಮೊದಲ ಪದ ಒಂದು ಗೊತ್ತು ಮಾಡಿಕೋ ಎಂದಳು. ಅವಳದು ‘ಅಡ್ಯೂ’. ಎ, ಡಿ, ಐ, ಇ, ಯು. ಐದರಲ್ಲಿ ನಾಲ್ಕು ಸ್ವರ, ಒಂದೇ ಸಲಕ್ಕೆ ಸ್ವರಗಳೆಲ್ಲ ಜಾಲಿಸಿಹೋಗುತ್ತವೆ ಎಂಬುದು ಅವಳ ಲೆಕ್ಕ. ಅದರ ಅರ್ಥ ಫ್ರೆಂಚಿನಲ್ಲಿ ವಿದಾಯ. ‘ಹೋಗ್ತೀನಿ ಅನ್ನಬಾರದು, ಹೋಗಿ ಬರ್ತೀನಿ ಅನ್ನು’ ಎಂದು ಹೊಸಿಲಲ್ಲಿ ನಿಲ್ಲಿಸಿ ಹೇಳಿಸಿ ಬೆಳೆಸಿದ ಮಗಳು ದಿನಾ ಬೆಳಗ್ಗೆ ಎದ್ದು ಮೊದಲು ಬರೆಯುವ ಪದ ಇದು! ನಾನು ‘ಟೀಚ್’ ಎಂದು ಇಟ್ಟುಕೊಂಡೆ. ಅವಳು ನಕ್ಕು, ‘ಇನ್ನೇನು ಹಾಕ್ತೀಯ ಬಿಡು’ ಎಂದಳು.

ಸಂಕ್ರಾಂತಿಗೆ ಬಂದಾಗ ಮದುವೆಯ ವಿಷಯಕ್ಕೆ ಮಾತಿಗೆ ಮಾತು ಬೆಳೆಯಿತು. ಆಡಬಾರದ್ದನ್ನು ನಾನೂ ಆಡಿದೆ, ಅವಳೂ ಆಡಿದಳು. ಅದನ್ನೆಲ್ಲ ಇಲ್ಲಿ ಹರಡಿ ಕೂರುವುದಿಲ್ಲ. ಹೆಣ್ಣುಮಕ್ಕಳನ್ನು ಹೆತ್ತವರಿಗೆ ಊಹಿಸುವುದು ಕಷ್ಟವಲ್ಲ. ಆಮೇಲೆ ಫೋನು ನಿಂತಿತು. ಅವಳ ಅಪ್ಪನಿಗೆ ಮಾಡುತ್ತಿದ್ದಳು, ‘ಅಮ್ಮ ಹೇಗಿದಾಳೆ’ ಎಂದು ಅವರನ್ನೇ ಕೇಳುತ್ತಿದ್ದಳು. ಆದರೆ ದಿನಾ ಬೆಳಗ್ಗೆ ಆರರ ಸುಮಾರಿಗೆ ನನ್ನ ಫೋನಿಗೆ ಅವಳ ಆಟದ ಫಲ ಮಾತ್ರ ಬರುವುದು ನಿಲ್ಲಲಿಲ್ಲ. ಅದರಲ್ಲಿ ಪದವಿರುವುದಿಲ್ಲ, ಗುಟ್ಟು ಬಿಡಬಾರದಲ್ಲ. ಬರೀ ಬಣ್ಣದ ಚೌಕಗಳು, ಎಷ್ಟನೇ ಸಲಕ್ಕೆ ಬಂತು ಎಂಬ ಅಂಕಿ. ನಾನೂ ನನ್ನದನ್ನು ಕಳಿಸುತ್ತಿದ್ದೆ. ಅಕ್ಷರವೇ ಇಲ್ಲದ ಕಾಗದ ಅದು. ಮೂರನೇ ಸಲಕ್ಕೆ ಬಂದಿದ್ದರೆ ಹುಡುಗಿ ಚೆನ್ನಾಗಿ ನಿದ್ದೆ ಮಾಡಿದ್ದಾಳೆ. ಆರಕ್ಕೆ ಬಂದಿದ್ದರೆ ಏನೋ ಯೋಚನೆಯಲ್ಲಿದ್ದಾಳೆ. ಹೀಗೆ ಓದಿಕೊಳ್ಳುತ್ತಿದ್ದೆ.

ನನ್ನ ಇಂಗ್ಲಿಷಿನ ಬಗ್ಗೆಯೂ ಹೇಳಿಬಿಡಬೇಕು. ಎ ಬಿ ಸಿ ಡಿ ಶುರುವಾದದ್ದು ಐದನೇ ತರಗತಿಯಲ್ಲಿ. ಓದಿದ್ದು ಬಿ.ಎ., ಬಿ.ಎಡ್., ಕಲಿಸಬೇಕಾದ್ದು ಸಮಾಜ ವಿಜ್ಞಾನ. ಇಂಗ್ಲಿಷಿಗೆ ಮೇಷ್ಟ್ರು ಸಿಗದ ವರ್ಷ ‘ನೀವೇ ನೋಡ್ಕೊಳ್ಳಿ’ ಎಂದು ತಲೆಗೆ ಕಟ್ಟಿದರು, ಇವತ್ತಿಗೂ ಇಳಿದಿಲ್ಲ. ಕಾಗುಣಿತ ನನಗೆ ಗಟ್ಟಿ, ಏಕೆಂದರೆ ಉರು ಹೊಡೆದದ್ದು. ಮಾತು ಸಪ್ಪೆ. ನಮ್ಮದು ಬರೆದ ಹಾಗೆ ಓದುವ ನುಡಿ. ಪತ್ರಿಕೆಯ ಪದಬಂಧದಲ್ಲಿ ಒತ್ತಕ್ಷರ, ಗುಡಿಸು, ದೀರ್ಘ ಎಲ್ಲ ಸೇರಿ ಒಂದು ಮನೆಯೊಳಗೆ ಸಂಸಾರ ಮಾಡುತ್ತವೆ. ‘ಸ್ತ್ರೀ’ ಎಂದು ಬರೆಯಲು ನಮಗೆ ಒಂದೇ ಮನೆ ಸಾಕು. ‘ವುಮನ್’ ಎಂಬುದಕ್ಕೆ ಅವರಿಗೆ ಐದು ಬೇಕು. ಜೊತೆಗೆ ಜಿ, ಎಚ್ ಎಂದು ಬಾಯಿಲ್ಲದ ಅಕ್ಷರಗಳು ಬೇರೆ. ಇವನ್ನೆಲ್ಲ ಕಟ್ಟಿಕೊಂಡು ದಿನಾ ಆರರೊಳಗೆ ಪದ ಹಿಡಿಯುವುದು ನನ್ನಂಥವಳಿಗೆ ಸುಲಭವಲ್ಲ. ಐದು, ಆರು, ಆಗಾಗ ಸೋಲು.

ಯುಗಾದಿಯ ಹೊತ್ತಿಗೆ ಎರಡು ದಿನ ಒಟ್ಟೊಟ್ಟಿಗೆ ಸೋತೆ. ಎರಡೂ ನಾನು ಹುಟ್ಟಿದಾಗಿನಿಂದ ಕೇಳಿರದ ಪದಗಳು. ಮೂರನೇ ದಿನವೂ ತಡವರಿಸಿದಾಗ ನಮ್ಮ ಎಂಟನೇ ತರಗತಿಯ ಒಬ್ಬ ಹುಡುಗ ಹಿಂದೊಮ್ಮೆ ಹೇಳಿದ್ದು ನೆನಪಾಯಿತು: ಫೋನಿನಲ್ಲೇ ಪದ ಹುಡುಕಿಕೊಡುವ ಸೌಕರ್ಯವಿದೆ, ಎಷ್ಟು ಅಕ್ಷರ, ಯಾವ ಅಕ್ಷರ ಎಲ್ಲಿ, ಯಾವುದು ಬೇಡ ಎಂದು ತುಂಬಿದರೆ ಸಾಕು. ತುಂಬಿದೆ. ಐದಕ್ಷರ, ಎರಡನೆಯದು ಯು, ಕೊನೆಗೆ ವೈ. ಕಣ್ಣು ಮಿಟುಕಿಸುವುದರೊಳಗೆ ಸಾಲು ನಿಂತವು: ಡಸ್ಟಿ, ಫನ್ನಿ, ಹರ್ರಿ, ಲಕ್ಕಿ, ಮಡ್ಡಿ, ಇನ್ನೂ ಎಷ್ಟೋ. ಅರ್ಧಕ್ಕರ್ಧ ನನಗೆ ಗೊತ್ತಿದ್ದವೇ! ಗೊತ್ತಿದ್ದೂ ಕರೆದಾಗ ಬಾರದವು. ಅದು ಹೇಗೆಂದರೆ, ಬೀರುವಿನಲ್ಲಿ ಸೀರೆ ಇದೆ, ಮದುವೆಗೆ ಹೊರಡುವ ಹೊತ್ತಿಗೆ ಮಾತ್ರ ಕೈಗೆ ಸಿಗುವುದಿಲ್ಲ, ಹಾಗೆ. ಆವತ್ತು ನಾಲ್ಕಕ್ಕೆ ಗೆದ್ದೆ. ಚೌಕಗಳನ್ನು ಮಗಳಿಗೆ ಕಳಿಸಿದೆ. ಅವಳಿಂದ ಒಂದು ಚಪ್ಪಾಳೆಯ ಚಿತ್ರ ಬಂತು. ಸಂಕ್ರಾಂತಿಯಾದ ಮೇಲೆ ಅವಳು ಕಳಿಸಿದ ಮೊದಲ ಮಾತು ಎಂದರೆ ಅದೇ.

ಇನ್ನು ಬಿಡುವುದುಂಟೇ? ಮೂರು, ಮೂರು, ನಾಲ್ಕು, ಮೂರು. ಚಪ್ಪಾಳೆ ಬರುತ್ತಲೇ ಇತ್ತು. ನಡುವೆ ಒಂದು ದಿನ ಪಟ್ಟಿ ಮುಟ್ಟದೆಯೇ ಎರಡನೇ ಸಲಕ್ಕೆ ಬಂತು. ‘ಟೀಚ್’ ಹಾಕಿದರೆ ಮೊದಲ ಟಿ ಬಿಟ್ಟು ಉಳಿದ ನಾಲ್ಕೂ ಹಸಿರು. ಬೀಚ್, ಪೀಚ್, ರೀಚ್, ಯಾವುದೂ ಆಗಬಹುದು. ಕಣ್ಮುಚ್ಚಿ ‘ರೀಚ್’ ಎಂದೆ, ಹೊಡೆಯಿತು. ನನ್ನದು ಎಂದು ನಾನು ಹೇಳಿಕೊಳ್ಳಬಹುದಾದ ಆ ಒಂದು ದೊಡ್ಡ ಗೆಲುವು ಕೇವಲ ಅದೃಷ್ಟದ್ದು ಎಂಬುದೂ ನಿಜ.

‘ಇದು ಮೋಸ ಅಲ್ಲವೇನ್ರೀ?’ ಎಂದು ಒಂದು ದಿನ ಮನೆಯವರನ್ನು ಕೇಳಿದೆ. ಅವರು ಪೇಪರಿನಿಂದ ತಲೆ ಎತ್ತದೆ, ‘ಯಾರ ಗಂಟು ಹೋಯ್ತು? ಆಟ ತಾನೆ?’ ಎಂದರು. ಅವರ ಮಾತಿನಲ್ಲೂ ನ್ಯಾಯವಿದೆ. 1913ರ ಡಿಸೆಂಬರ್ 21ರಂದು ನ್ಯೂಯಾರ್ಕ್ ವರ್ಲ್ಡ್ ಪತ್ರಿಕೆಯಲ್ಲಿ ಆರ್ಥರ್ ವಿನ್ ಎಂಬಾತ ಮೊದಲ ಪದಬಂಧ ಪ್ರಕಟಿಸಿದ್ದು. ಆಮೇಲೆ ಬಿಡಿಸುವವರ ಅನುಕೂಲಕ್ಕೆಂದೇ, ಮೂರಕ್ಷರದವು ಇಲ್ಲಿ, ನಾಲ್ಕಕ್ಷರದವು ಅಲ್ಲಿ ಎಂದು ಅಳತೆ ಪ್ರಕಾರ ಜೋಡಿಸಿದ ನಿಘಂಟುಗಳೂ ಬಂದವು. ನಿಘಂಟು ತೆಗೆದವರನ್ನು ಯಾರೂ ಕಳ್ಳರೆನ್ನಲಿಲ್ಲ. ಪುಸ್ತಕದಲ್ಲಿ ನೋಡಿದರೆ ವ್ಯಾಸಂಗ, ಫೋನಿನಲ್ಲಿ ನೋಡಿದರೆ ಮೋಸ ಎಂದರೆ ಹೇಗೆ?

ಹೀಗೆ ಸಮಾಧಾನ ಹೇಳಿಕೊಳ್ಳುತ್ತಿದ್ದಾಗ ಇನ್ನೊಂದು ಸಂಗತಿ ಓದಿದೆ. ಸ್ಕ್ರ್ಯಾಬಲ್ ಎಂಬ ಅಕ್ಷರ ಜೋಡಿಸುವ ಆಟವಿದೆಯಲ್ಲ, ಅದರಲ್ಲಿ ನೈಜೆಲ್ ರಿಚರ್ಡ್ಸ್ ಎಂಬ ನ್ಯೂಜಿಲೆಂಡಿನವರು ದೊಡ್ಡ ಗಟ್ಟಿಗರು. 2015ರಲ್ಲಿ ಬೆಲ್ಜಿಯಮ್ಮಿಗೆ ಹೋಗಿ ಫ್ರೆಂಚ್ ಭಾಷೆಯ ವಿಶ್ವ ಸ್ಪರ್ಧೆಯನ್ನೇ ಗೆದ್ದರು. ಅವರಿಗೆ ಫ್ರೆಂಚ್ ಬರುವುದಿಲ್ಲ! ಒಂಬತ್ತು ವಾರ ಕೂತು ಪದಗಳ ಪಟ್ಟಿಯನ್ನು ಕಂಠಪಾಠ ಮಾಡಿದ್ದರಂತೆ. 2024ರಲ್ಲಿ ಸ್ಪ್ಯಾನಿಷ್ ಭಾಷೆಯಲ್ಲೂ ಹಾಗೆಯೇ ಗೆದ್ದರು. ಅರ್ಥ ಗೊತ್ತಿಲ್ಲದ ಪದ ಅವರದಾಯಿತೋ ಇಲ್ಲವೋ? ಆಯಿತು ಎಂದೇ ನನ್ನ ಮನಸ್ಸು ಹೇಳುತ್ತದೆ. ಎಸ್ಸೆಸ್ಸೆಲ್ಸಿಯಲ್ಲಿ ನಾನು ಹಸುವಿನ ಮೇಲಿನ ಪ್ರಬಂಧವನ್ನು ಅರ್ಧ ಅರ್ಥವಾಗದೆ ಉರು ಹೊಡೆದು ಬರೆದು ಪಾಸಾಗಿದ್ದೆ. ಅದನ್ನು ನಾನು ಕಳ್ಳತನ ಎಂದುಕೊಂಡಿಲ್ಲ. ಆ ಮಹಾನುಭಾವರೂ ಪಟ್ಟಿ ನೋಡಿದರು, ನಾನೂ ನೋಡಿದೆ. ಅವರು ಹೊತ್ತುಕೊಂಡು ಹೋದರು, ನಾನು ಪಕ್ಕದಲ್ಲಿಟ್ಟುಕೊಂಡೆ. ವ್ಯತ್ಯಾಸ ಅಷ್ಟೇ ಎನಿಸಿತು. ಅಷ್ಟೇ ಆಗಿದ್ದರೆ ನಾನು ಇದನ್ನೆಲ್ಲ ಬರೆಯುತ್ತಲೂ ಇರಲಿಲ್ಲ.

ಗೌರಿ ಹಬ್ಬದ ಹಿಂದಿನ ವಾರ ರವಿಕೆ ಹೊಲಿಯಲು ಕೊಟ್ಟಿದ್ದ ಅಂಗಡಿಗೆ ಹೋದೆ. ಅಂಗಡಿ ನನ್ನ ಹಳೆಯ ವಿದ್ಯಾರ್ಥಿನಿಯದು. ಹುಕ್ಕು ಹಾಕುವುದು ಬಾಕಿ ಇತ್ತು, ‘ಹತ್ತು ನಿಮಿಷ ಕೂತ್ಕೊಳಿ ಮೇಡಂ’ ಎಂದಳು. ಸ್ಟೂಲಿನ ಮೇಲೆ ಕೂತೆ. ಆವತ್ತು ಬೆಳಗ್ಗೆ ಮುಗಿದಿರಲಿಲ್ಲ, ಫೋನು ತೆಗೆದೆ. ಪಟ್ಟಿ ನೋಡುವುದು, ಈ ಕಡೆ ಬಂದು ಹಾಕುವುದು, ಮತ್ತೆ ಪಟ್ಟಿ. ಹುಕ್ಕು ಹಾಕುತ್ತಲೇ ಅವಳು ಬಗ್ಗಿ ನೋಡಿದಳು.

‘ಏನ್ ಮೇಡಂ, ಡಿಕ್ಟೇಷನ್ನಾ?’ ಎಂದು ನಕ್ಕಳು. ಏನೆಂದು ವಿವರಿಸಿದೆ. ‘ಹಂಗಾದ್ರೆ ಪಕ್ಕದಲ್ಲಿ ನೋಡ್ಕೊಂಡು ಬರೀತಿದೀರಾ ಅನ್ನಿ!’ ಎಂದು ಇನ್ನೂ ಜೋರಾಗಿ ನಕ್ಕಳು. ಅವಳ ನಗುವಿನಲ್ಲಿ ವಿಷವಿರಲಿಲ್ಲ. ಆದರೆ ನನಗೆ ಕೂತ ಸ್ಟೂಲು ಮುಳ್ಳಾಯಿತು.

ಏಕೆಂದು ಹೇಳುತ್ತೇನೆ. 1999ರಲ್ಲಿ ಇವಳು ಒಂಬತ್ತನೇ ತರಗತಿ. ಪ್ರತಿ ಸೋಮವಾರ ಹತ್ತು ಪದದ ಡಿಕ್ಟೇಷನ್ ಕೊಡುತ್ತಿದ್ದೆ. ಆ ವಾರ ಎಲ್ಲ ಬಾಯಿಲ್ಲದ ಜಿ-ಎಚ್ ಇರುವವೇ: ಥಾಟ್, ಬ್ರಾಟ್, ನೇಬರ್, ಡಾಟರ್... ಹತ್ತಕ್ಕೆ ಹತ್ತು ತೆಗೆದವಳು ಇವಳೊಬ್ಬಳೇ. ಪುಸ್ತಕ ಈಸಿಕೊಳ್ಳುವಾಗ ಎಡಗೈ ಮುಚ್ಚಿಕೊಂಡಳು. ಬಿಡಿಸಿ ನೋಡಿದೆ, ಅಂಗೈ ತುಂಬಾ ನೀಲಿ ಶಾಯಿ, ಹತ್ತೂ ಪದ. ನನಗೆ ತಡೆಯಲಾರದ ಸಿಟ್ಟು ಬಂತು. ಇಂಗ್ಲಿಷ್ ಅಷ್ಟಾಗಿ ಬಾರದ ಟೀಚರಿಗೆ ಬರುವ ಸಿಟ್ಟು ಅದು, ಈಗ ಗೊತ್ತಾಗುತ್ತದೆ. ಅವಳನ್ನು ಬೆಂಚಿನ ಮೇಲೆ ನಿಲ್ಲಿಸಿ, ಅಂಗೈ ಎಲ್ಲರಿಗೂ ಕಾಣುವ ಹಾಗೆ ಎತ್ತಿ ಹಿಡಿ ಎಂದೆ. ಪೀರಿಯಡ್ ಮುಗಿಯುವವರೆಗೆ ಹಿಡಿದಿದ್ದಳು. ‘ಅಂಗೈ ಹುಣ್ಣಿಗೆ ಕನ್ನಡಿ ಬೇಕೇನ್ರೋ?’ ಎಂದು ಗಾದೆ ಬೇರೆ ಹೇಳಿ ಮಕ್ಕಳನ್ನು ನಗಿಸಿದೆ. ಅಲ್ಲಿಂದ ಮುಂದೆ ಹತ್ತನೇ ತರಗತಿ ಮುಗಿಯುವವರೆಗೂ ಅವಳ ಹೆಸರು ‘ಅಂಗೈ’ ಎಂದೇ ಆಯಿತು. ನನಗೆ ಕೇಳಿಸುತ್ತಿತ್ತು. ಬೇಡಿ ಅನ್ನಲಿಲ್ಲ.

‘ಮರ್ತಿಲ್ಲ ಅಲ್ವೇನೆ ನೀನು?’ ಎಂದೆ.

‘ಅಯ್ಯೋ, ಮರೆಯೋದೇನು ಮೇಡಂ’ ಎಂದು ದಾರ ಕಚ್ಚಿ ಕತ್ತರಿಸಿದಳು. ‘ಬೆಳಿಗ್ಗೆ ಡೈರಿಗೆ ಹಾಲು ಹಾಕೋಕೆ ನಾನೇ ಹೋಗ್ಬೇಕಿತ್ತು. ಒಂದು ಕೈಲಿ ಕ್ಯಾನು, ಪುಸ್ತಕ ಎಲ್ಲಿ ಹಿಡ್ಕೊಳ್ಳೋದು? ಅದಕ್ಕೆ ಅಂಗೈ ಮೇಲೆ ಬರ್ಕೊಂಡು ದಾರಿ ಉದ್ದಕ್ಕೂ ಹೇಳ್ಕೊಂಡು ಹೋಗ್ತಿದ್ದೆ. ಆವತ್ತು ತೊಳೆಯೋಕೆ ಹೊತ್ತಾಗ್ಲಿಲ್ಲ. ಒಂಬತ್ತು ನಂಗೆ ಬರ್ತಿತ್ತು ಮೇಡಂ. ಒಂದು ಮಾತ್ರ ನೋಡ್ದೆ. ಇಲ್ಲ ಅಂತ ಸುಳ್ಳು ಯಾಕೆ ಹೇಳ್ಲಿ?’

ನಾನು ಏನು ಹೇಳಲಿ? ‘ಆವತ್ತೇ ಹೇಳಬಾರದಿತ್ತೇನೆ’ ಎಂದೆ. ‘ನೀವು ಕೇಳ್ಲಿಲ್ವಲ್ಲ’ ಎಂದಳು, ರವಿಕೆ ಮಡಿಸಿ ಕವರಿಗೆ ಹಾಕುತ್ತಾ. ಹಬ್ಬಕ್ಕೆಂದು ಇಪ್ಪತ್ತು ರೂಪಾಯಿ ಬಿಟ್ಟೇ ತೆಗೆದುಕೊಂಡಳು.

ಮನೆಗೆ ಬರುವ ದಾರಿಯಲ್ಲಿ ಲೆಕ್ಕ ಹಾಕಿದೆ. ಅವಳು ಹತ್ತರಲ್ಲಿ ಒಂದು ನೋಡಿದಳು, ನನಗೆ ಹೆದರಿ. ಯುಗಾದಿಯಿಂದ ಗೌರಿ ಹಬ್ಬಕ್ಕೆ ಹತ್ತಿರ ಹತ್ತಿರ ನೂರೈವತ್ತು ದಿನ ನಾನು ನೋಡಿದ್ದೆ, ಯಾರಿಗೂ ಹೆದರದೆ. ಅವಳ ಅಂಗೈಯನ್ನು ಊರೆಲ್ಲ ಕಂಡಿತು, ನನ್ನದನ್ನು ಯಾರೂ ಬಿಡಿಸಿ ನೋಡಲಿಲ್ಲ. ಆಟವನ್ನು ಒಬ್ಬಳೇ ಆಡಿ ಒಬ್ಬಳೇ ಮುಗಿಸಿದ್ದರೆ, ಮನೆಯವರು ಹೇಳಿದ ಹಾಗೆ, ಯಾರ ಗಂಟೂ ಹೋಗುತ್ತಿರಲಿಲ್ಲ. ಆದರೆ ನಾನು ಕಳಿಸುತ್ತಿದ್ದೆನಲ್ಲ! ಅವಳ ಚೌಕಗಳಲ್ಲಿ ನಾನು ಅವಳ ನಿದ್ದೆ, ಅವಳ ಯೋಚನೆ ಓದುತ್ತಿದ್ದ ಹಾಗೆ ನನ್ನ ಚೌಕಗಳಲ್ಲಿ ಅವಳು ಏನು ಓದುತ್ತಿದ್ದಳೋ. ಅಮ್ಮ ಗೆಲುವಾಗಿದ್ದಾಳೆ, ನನ್ನ ಜಗಳ ಅವಳಿಗೇನೂ ನಾಟಿಲ್ಲ, ದಿನಾ ಮೂರಕ್ಕೇ ಮುಗಿಸುತ್ತಾಳೆ ಎಂದೇ? ಹಾಗಿದ್ದರೆ ಅವಳು ಓದಿದ್ದಷ್ಟೂ ಸುಳ್ಳು, ಬರೆದುಕೊಟ್ಟವಳು ನಾನು.

ನಮ್ಮಜ್ಜಿ ನೆನಪಾದರು. ರಾತ್ರಿ ಊಟವಾದ ಮೇಲೆ ಮೊಮ್ಮಕ್ಕಳನ್ನೆಲ್ಲ ಕೂರಿಸಿಕೊಂಡು ಒಗಟು ಹೇಳುತ್ತಿದ್ದರು. ಬಿಡಿಸಲಾಗದೆ ನಾವು ‘ಹೇಳಜ್ಜೀ ಹೇಳಜ್ಜೀ’ ಎಂದು ಸೆರಗು ಜಗ್ಗಿದರೆ, ‘ಸೋತೆ ಅನ್ನು, ಹೇಳ್ತೀನಿ’ ಎನ್ನುತ್ತಿದ್ದರು. ಆ ಮಾತು ಬಾಯಿಂದ ಬರುವವರೆಗೆ ಉತ್ತರವಿಲ್ಲ. ನಮ್ಮಣ್ಣ ಒಂದು ಒಗಟಿಗೆ ಮೂರು ದಿನ ಸೋತೆ ಎನ್ನದೆ ಮುಖ ಊದಿಸಿಕೊಂಡು ತಿರುಗಿದ್ದ. ಅಜ್ಜಿ ಜಪ್ಪಯ್ಯ ಎನ್ನಲಿಲ್ಲ. ಉತ್ತರ ಕೇಳುವುದು ಅವರ ಕಣ್ಣಿಗೆ ತಪ್ಪೇ ಆಗಿರಲಿಲ್ಲ. ಕೇಳಿದವರಿಗೆ ಬಾಳೆಹಣ್ಣು ಕೊಟ್ಟೇ ಹೇಳುತ್ತಿದ್ದರು. ಅವರಿಗೆ ಬೇಕಾಗಿದ್ದದ್ದು ಆ ಒಂದು ಮಾತು. ನನ್ನ ಫೋನಿನೊಳಗಿನ ಪಟ್ಟಿಗೆ ಅದು ಬೇಕಿಲ್ಲ. ಅಕ್ಷರ ತುಂಬು, ಉತ್ತರ ತಗೋ. ಇಷ್ಟು ಧಾರಾಳ ನನಗೆ ಒಳ್ಳೆಯದು ಮಾಡಲಿಲ್ಲ.

ಪಟ್ಟಿ ನೋಡುವುದನ್ನು ಬಿಟ್ಟೆ. ಮಹಾ ಪ್ರತಿಜ್ಞೆಯೇನೂ ಅಲ್ಲ. ನಡುವೆ ಎರಡು ದಿನ ಕೈ ತಡೆಯದೆ ನೋಡಿದ್ದೂ ಉಂಟು. ಆ ಎರಡು ದಿನ ಮಗಳಿಗೆ ಏನೂ ಕಳಿಸಲಿಲ್ಲ. ಉಳಿದ ದಿನ ಐದು, ಆರು, ಐದು. ಚಪ್ಪಾಳೆ ನಿಂತಿತು.

ದಸರಾ ರಜದ ಒಂದು ಬೆಳಗ್ಗೆ ಹೀಗಾಯಿತು. ‘ಟೀಚ್’ ಹಾಕಿದೆ, ಟಿ ಹಳದಿ, ಎಚ್ ಹಳದಿ. ‘ರೈಟ್’ ಹಾಕಿದೆ, ಬಲಗಡೆಯ ರೈಟು. ಐ, ಜಿ, ಎಚ್, ಟಿ ನಾಲ್ಕೂ ಹಸಿರು! ಮೊದಲನೆಯದೊಂದು ಉಳಿಯಿತು, ಇನ್ನೇನು ಎಂದು ಹಿಗ್ಗಿದೆ. ಲೈಟ್. ಇಲ್ಲ. ನೈಟ್. ಇಲ್ಲ. ಮೈಟ್. ಇಲ್ಲ. ಫೈಟ್. ಅದೂ ಇಲ್ಲ, ಆರೂ ಮುಗಿಯಿತು. ಉತ್ತರ ‘ಸೈಟ್’, ನೋಟ ಎಂಬ ಅರ್ಥದ್ದು. ನಮ್ಮಂಥವರಿಗೆ ಸೈಟ್ ಎಂದರೆ ಮೂವತ್ತು-ನಲವತ್ತರ ಸೈಟೇ ಹೊರತು ಈ ಸೈಟು ಎಲ್ಲಿ ಹೊಳೆಯಬೇಕು! ಸೋತ ಚೌಕಗಳನ್ನು ಹಾಗೆಯೇ ಕಳಿಸಿದೆ. ಐದು ನಿಮಿಷವಾಗಿರಲಿಲ್ಲ, ಫೋನು ರಿಂಗಾಯಿತು.

‘ಅಮ್ಮಾ, ಹುಷಾರಿಲ್ವಾ?’

ಒಂಬತ್ತು ತಿಂಗಳಾಗಿತ್ತು ಆ ದನಿ ನೇರವಾಗಿ ನನ್ನ ಕಿವಿಗೆ ಬಿದ್ದು. ‘ಇದೀನಿ ಕಣೆ, ಹುಷಾರಾಗೇ ಇದೀನಿ’ ಎಂದೆ. ‘ಮತ್ತೆ ಈಚೆಗೆ ಬರೀ ಆರು, ಇವತ್ತು ಅದೂ ಇಲ್ಲ? ಮಂಡಿನೋವು ಜಾಸ್ತಿಯಾಗಿದ್ಯಾ? ಅಪ್ಪ ಏನೂ ಹೇಳಲ್ಲ.’ ಯಾವ ಯಾವ ಪದ ಹಾಕಿದೆ ಎಂದು ಕೇಳಿದಳು, ಹೇಳಿದೆ. ‘ಅಯ್ಯೋ ಅಮ್ಮಾ, ಅಲ್ಲಿ ಒಂದೊಂದೇ ಹಾಕ್ತಾ ಹೋಗಬಾರದು. ಫಿಲ್ಮ್ಸ್ ಅಂತ ಹಾಕಬೇಕು, ಎಫ್, ಐ, ಎಲ್, ಎಂ, ಎಸ್. ಅದು ಉತ್ತರ ಅಲ್ಲ ಅಂತ ಗೊತ್ತಿದ್ದೇ ಹಾಕೋದು. ಎಫ್ ಹಸಿರು ಆದ್ರೆ ಫೈಟು, ಎಲ್ ಹಳದಿ ಆದ್ರೆ ಲೈಟು, ಎಂ ಆದ್ರೆ ಮೈಟು, ಎಸ್ ಆದ್ರೆ ಸೈಟು, ಯಾವುದೂ ಆಗಲಿಲ್ಲ ಅಂದ್ರೆ ನೈಟು. ಒಂದೇ ಏಟಿಗೆ ಐದೂ ಗೊತ್ತಾಗತ್ತೆ.’ ಹುಡುಗಿ ನನಗಿಂತ ಚೆನ್ನಾಗಿ ಪಾಠ ಹೇಳುತ್ತಾಳೆ ಎಂದುಕೊಂಡೆ.

ಆಮೇಲೆ ಹೇಳಿದೆ. ಯುಗಾದಿಯಿಂದ ಗೌರಿ ಹಬ್ಬದವರೆಗೆ ಬಂದ ಮೂರು, ನಾಲ್ಕೆಲ್ಲ ಪಟ್ಟಿ ನೋಡಿ ಬರೆದದ್ದು ಎಂದು. ಆ ಕಡೆ ಸ್ವಲ್ಪ ಹೊತ್ತು ಸದ್ದಿಲ್ಲ.

‘ಎಲ್ಲಾನೂ?’

‘ಹೆಚ್ಚುಕಡಿಮೆ ಎಲ್ಲಾನೂ.’

‘ಆ ರೀಚು? ಎರಡಕ್ಕೇ ಬಂದಿತ್ತಲ್ಲ, ನಾನು ಆಫೀಸಲ್ಲೆಲ್ಲ ತೋರಿಸಿದ್ದೆ.’

‘ಅದು ಮಾತ್ರ ನಂದೇ ಕಣೆ. ಆಣೆಗೂ.’

‘ಹೂಂ’ ಎಂದಳು. ಆ ಹೂಂ ನಂಬಿದ ಹೂಂ ಆಗಿತ್ತೋ, ಹೋಗಲಿ ಬಿಡು ಎಂಬ ಹೂಂ ಆಗಿತ್ತೋ ನನಗೆ ತಿಳಿಯಲಿಲ್ಲ. ಮತ್ತೆ ಕೇಳುವ ಧೈರ್ಯವಾಗಲಿಲ್ಲ. ಮಂಡಿಗೆ ಯಾವ ಎಣ್ಣೆ ಹಚ್ಚುತ್ತಿದ್ದೀಯ ಎಂದು ವಿಚಾರಿಸಿದಳು. ಕ್ಯಾಬು ಬಂತು, ಇಡ್ತೀನಿ ಎಂದಳು.

ಮರುದಿನ ಬೆಳಗ್ಗೆ ಅವಳದು ನಾಲ್ಕು ಬಂದಿತ್ತು. ನನ್ನದು ಐದು.